ಕಲಬುರಗಿ ಕಾಲೇಜುಗಳ ಮೈದಾನ ಹೋಲಿಸಿ ನೋಡುವುದು ಹೇಗೆ? (400 ಮೀಟರ್ ಓಟ, ಉದ್ದ ಜಿಗಿತ)

ಸೇಡಂರಸ್ತೆ:
ತಂಗಿಯ ಮಗಳು ಪಿಯುಸಿ ಮುಗಿಸಿದ್ದಾಳೆ. 400 ಮೀಟರ್ ಓಟ, ಉದ್ದ ಜಿಗಿತ ಅವಳ ವಿಭಾಗ. ಬಿ.ಎ.ಗೆ ಇಲ್ಲಿನ ಮೂರು ಕಾಲೇಜು ನೋಡ್ತಾ ಇದ್ದೇವೆ. ಮೂರೂ ನಡುಮಟ್ಟದವು, ಅಂತರ ಕಾಲೇಜು ಕೂಟಕ್ಕೆ ತಂಡ ಕಳಿಸ್ತವೆ, ಸಿಂಥೆಟಿಕ್ ಟ್ರ್ಯಾಕ್ ಯಾವುದರಲ್ಲೂ ಇಲ್ಲ. ಮಾಹಿತಿ ಪುಸ್ತಕದಲ್ಲಿ ಮಾತ್ರ ಮೂರಕ್ಕೂ ಒಂದೇ ಸಾಲು: "400 ಮೀ. ಟ್ರ್ಯಾಕ್, ಜಂಪಿಂಗ್ ಪಿಟ್, ಮಲ್ಟಿ ಜಿಮ್". ಹೋಗಿ ನೋಡುವಾಗ ಏನು ಅಳೀಬೇಕು, ಏನು ಕೇಳಬೇಕು? ತಿಳಿದವರು ದಯವಿಟ್ಟು ಹೇಳ್ರಿ.

ಎರಿಹೊಲ:
ಮೊದಲು ನೆಲದ ಕೆಳಗ ಏನದ ಕೇಳ್ರಿ, ಮೀಟರ್ ಲೆಕ್ಕ ಆಮ್ಯಾಲ. ನಮ್ಮದು ಎರಿ ಭೂಮಿ, ಕರಿ ಮಣ್ಣು. ನೀರು ಕುಡಿದ್ರ ಉಬ್ಬತದ, ಒಣಗಿದ್ರ ಬಾಯಿ ಬಿಡತದ. ಅದರ ಮ್ಯಾಲ ನಾಲ್ಕು ಬೆರಳು ಮುರುಮ (ಗರಸು ಮಣ್ಣು) ಚೆಲ್ಲಿ ರೋಲರ್ ಹೊಡೆದ್ರ ಫೋಟೋದಾಗ ಚಂದ ಕಾಣಸ್ತದ. ಒಂದು ಮಳಿಗಾಲ ಕಳೀಲಿ, ಕೆಳಗಿನ ಎರಿ ಮುರುಮದಾಗ ಕಲೆತು ಜಿಗಟ ಆಗತದ.

ಸರಿ ಕೆಲಸ ಅಂದ್ರ, ಎರಿ ಎರಡು ಅಡಿಯಾದ್ರೂ ತೆಗೀಬೇಕು. ತಳಕ್ಕ ಖಡಿ, ಅದರ ಮ್ಯಾಲ ಮುರುಮ. ಅದನ್ನೂ ಒಮ್ಮೆಲೇ ಸುರುವಿದ್ರ ನಡೆಯಂಗಿಲ್ಲ, ಅರ್ಧ ಅಡಿ ಹಾಕೂದು, ನೀರು ಹೊಡೆಯೂದು, ರೋಲರ್ ಹೊಡೆಯೂದು, ಮತ್ತ ಅರ್ಧ ಅಡಿ. ಕಡೀಕ ಜರಡಿ ಹಿಡಿದ ಸಣ್ಣ ಮುರುಮ.

ಬ್ಯಾಸಿಗ್ಯಾಗ ಹೋದ್ರ ಗುರ್ತು ಹಿಡಿಯೂದು ಹಗುರ. ಟ್ರ್ಯಾಕಿನ ಮ್ಯಾಲ ಕಿರುಬೆರಳು ಇಳಿಯೂವಷ್ಟು ಬಿರುಕು ಉದ್ದಕ್ಕ ಓಡಿದ್ರ ಎರಿ ತೆಗೆದಿಲ್ಲ ಅಂತ ತಿಳೀರಿ. ಅಂಥ ಬಿರುಕಿನಾಗ ಸ್ಪೈಕ್ (ಬೂಟಿನ ಮೊಳೆ) ಸಿಕ್ರ ಕಾಲು ಹೊರಳತದ. ನೀರು ಎಲ್ಲಿಗೆ ಹೋಗತದ ಅಂತನೂ ನೋಡ್ರಿ. ಟ್ರ್ಯಾಕು ಒಳಗಡೆಗೆ 100ಕ್ಕ 1ರಷ್ಟು ಇಳಿಜಾರು ಇರಬೇಕು. ಎಂಟು ಲೇನಿನ ಅಗಲ 9.76 ಮೀಟರ್, ಅಂದ್ರ ಹೊರಗಿಂದ ಒಳಗ ಸುಮಾರು 10 ಸೆಂ.ಮೀ. ಇಳಿಬೇಕು. ಒಳ ಅಂಚಿಗೆ ಗಟಾರ ಇಲ್ಲಂದ್ರ ಆ ನೀರೆಲ್ಲ ಮೊದಲನೇ ಲೇನಿನಾಗೇ ನಿಲ್ಲತದ. (ಬೀದರ್ ಕಡೆ ಕೆಂಪು ಜಂಬಿಟ್ಟಿಗೆ ನೆಲ, ಅಲ್ಲಿ ಈ ತ್ರಾಸ ಇಷ್ಟಿಲ್ಲ.)

ಸುಣ್ಣದಗೆರೆ:
"400 ಮೀ." ಅನ್ನೋದನ್ನ ನಂಬುವ ಮೊದಲು ಮೈದಾನದ ಉದ್ದ ಹೆಜ್ಜೆ ಹಾಕಿ. ಪ್ರಮಾಣಿತ ಟ್ರ್ಯಾಕಿನ ನೇರ ಭಾಗ 84.39 ಮೀ., ತಿರುವಿನ ತ್ರಿಜ್ಯ 36.50 ಮೀ. ಎಂಟು ಲೇನ್ ಸೇರಿ 177 ಮೀ. ಉದ್ದ, 93 ಮೀ. ಅಗಲ ಬೇಕು. ನೇರ ಭಾಗವನ್ನು ಹಿಗ್ಗಿಸಿ ಅಗಲ ಉಳಿಸಬಹುದು, ಅದಕ್ಕೆ ತಿರುವು ಬಿಗಿಯಾಗುತ್ತೆ. ಎಂಟು ಲೇನ್ ಇದ್ದೂ ಉದ್ದ, ಅಗಲ ಎರಡೂ ಕಡಿಮೆ ಇದ್ದರೆ ಅಲ್ಲಿರೋದು 300ರದ್ದೋ 200ರದ್ದೋ.

ಗೆರೆ ಹಾಕುವಾಗ ಬಹಳ ಕಡೆ ಆಗುವ ಒಂದು ತಪ್ಪಿದೆ. ಎರಡನೇ ಲೇನಿನ ಸ್ಟ್ಯಾಗರ್ (ಹೊರ ಲೇನಿನ ಆರಂಭದ ಗೆರೆಯನ್ನು ಮುಂದೆ ಸರಿಸುವ ಅಂತರ) 7.04 ಮೀ. ಅಂತ ಎಲ್ಲರಿಗೂ ಬಾಯಿಪಾಠ. ಅದು ಒಳ ಅಂಚಿಗೆ ಎತ್ತರದ ಕಟ್ಟೆ ಇರುವ ಟ್ರ್ಯಾಕಿನ ಲೆಕ್ಕ, ಅಲ್ಲಿ ಮೊದಲ ಲೇನನ್ನು ಕಟ್ಟೆಯಿಂದ 30 ಸೆಂ.ಮೀ. ಹೊರಗೆ ಅಳೀತಾರೆ. ಬರೀ ಸುಣ್ಣದ ಗೆರೆ ಇದ್ದರೆ 20 ಸೆಂ.ಮೀ.ಗೆ ಅಳೀಬೇಕು, ಆಗ ಸ್ಟ್ಯಾಗರ್ 7.67 ಮೀ. ಈ 63 ಸೆಂ.ಮೀ. ತಪ್ಪಿದರೆ ಹೊರ ಲೇನಿನ ಓಟಗಾರ್ತಿಯರು ಅಷ್ಟು ಹೆಚ್ಚು ಓಡ್ತಾರೆ. ಈ ವ್ಯತ್ಯಾಸ ತಿಳಿದು ಗೆರೆ ಹಾಕಿಸುವ ದೈಹಿಕ ಶಿಕ್ಷಣ ನಿರ್ದೇಶಕರು ಉಳಿದದ್ದನ್ನೂ ಅಷ್ಟೇ ನಿಗಾದಿಂದ ನೋಡ್ತಾರೆ ಅಂತ ಧೈರ್ಯವಾಗಿ ನಂಬಬಹುದು.

ಇನ್ನು ಪಿಟ್, ಅಂದರೆ ಜಿಗಿದು ಬೀಳುವ ಮರಳಿನ ಗುಂಡಿ. ಅದಕ್ಕೆ ಓಡಿ ಬರುವ ರನ್‌ವೇ ಕನಿಷ್ಠ 40 ಮೀ., ಗುಂಡಿಯ ಅಗಲ ಕನಿಷ್ಠ 2.75 ಮೀ., ಕಾಲೂರಿ ಜಿಗಿಯುವ ಹಲಗೆಯಿಂದ ಗುಂಡಿಯ ಆಚೆ ತುದಿಗೆ ಕನಿಷ್ಠ 10 ಮೀ. ಇಷ್ಟು ಟೇಪ್ ಹಿಡಿದರೆ ಗೊತ್ತಾಗುತ್ತೆ. ಟೇಪಿಗೆ ಸಿಗದ್ದು ಹಲಗೆ. ಕೂತು ಒಂದು ನೇರ ಕೋಲನ್ನ ರನ್‌ವೇ ಮತ್ತು ಹಲಗೆ ಎರಡರ ಮೇಲೂ ಬರುವಂತೆ ಇಡಿ. ಹಲಗೆ ಒಂದು ನಾಣ್ಯದ ದಪ್ಪ ಮೇಲೆ ಎದ್ದಿದ್ದರೂ ಪೂರ್ಣ ವೇಗದಲ್ಲಿ ಬಂದ ಪಾದ ಅದಕ್ಕೆ ಎಡವುತ್ತೆ. ಎರೆ ಉಬ್ಬಿದಾಗ ಹಲಗೆ ಮೇಲೇಳುತ್ತೆ, ಪ್ರತಿ ಮಳೆಗಾಲದ ನಂತರ ಕಿತ್ತು ಮತ್ತೆ ಕೂರಿಸಬೇಕು.

ಮರಳನ್ನು ಒದ್ದೆ ಮಾಡಿ ಮುಷ್ಟಿ ಕಟ್ಟಿ, ಒಣಗಲು ಬಿಡಿ. ಒಣಗಿದ ಮೇಲೂ ಉಂಡೆ ಉಂಡೆಯಾಗೇ ನಿಂತರೆ ಅದರಲ್ಲಿ ಮಣ್ಣಿದೆ. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ಅದರ ಪುಡಿ ನೀರು ಬಿದ್ದಾಗ ಗಟ್ಟಿಯಾಗುತ್ತೆ, ಹರಳು ಚೂಪು, ತೊಡೆ ಗೀರುತ್ತೆ. ತೊಳೆದ ನದಿ ಮರಳು ಬೇಕು, ಪ್ರತಿ ಅಭ್ಯಾಸಕ್ಕೂ ಮೊದಲು ಸಲಿಕೆಯಿಂದ ಒಂದು ಅಡಿ ಕೆದಕಬೇಕು. ಗುಂಡಿಯ ಅಂಚಿಗೆ ಶಹಾಬಾದ್ ಫರಸಿ ನಿಲ್ಲಿಸಿ ಹಾಗೇ ಬಿಟ್ಟಿದ್ದರೆ ಅದು ಅಪಾಯ, ಅಂಚು ಗುಂಡಗಿರಬೇಕು ಅಥವಾ ರಬ್ಬರ್ ಹೊದಿಸಿರಬೇಕು.

ಬೆಳಗಿನಐದೂವರೆ:
ಹುಡುಗಿ ಅಂದ್ರಿ, ಹಾಗಾಗಿ ಸಮಯದ ಮಾತು ಮುಖ್ಯ. ಮಾರ್ಚಿನಿಂದ ಇಲ್ಲಿ ಎಂಟು ಗಂಟೆಯ ನಂತರ ವೇಗದ ಓಟ ಆಗಲ್ಲ. ಮಹಿಳಾ ಹಾಸ್ಟೆಲ್ ಗೇಟು ಬೆಳಿಗ್ಗೆ ಎಷ್ಟಕ್ಕೆ ತೆರೀತದೆ, ಸಂಜೆ ಎಷ್ಟಕ್ಕೆ ಮುಚ್ತದೆ, ಮೈದಾನದ ಹತ್ತಿರ ಬೀಗ ಹಾಕದ ಶೌಚಾಲಯ, ಬಟ್ಟೆ ಬದಲಿಸೋ ಕೋಣೆ ಇವೆಯಾ ಅಂತ ಹಾಸ್ಟೆಲ್ ಹುಡುಗಿಯರನ್ನೇ ಕೇಳ್ರಿ, ಕಚೇರಿಯವರನ್ನಲ್ಲ.

ಹದಿನಾರು ಸ್ಟೇಷನ್ ಮಲ್ಟಿ ಜಿಮ್‌ಗೆ ಮರುಳಾಗಬೇಡ್ರಿ. ಓಟಗಾರ್ತಿಗೆ ಬೇಕಾದ್ದು ಒಂದು ಸ್ಕ್ವಾಟ್ ರ‍್ಯಾಕ್, 15 ಅಥವಾ 20 ಕೆ.ಜಿ.ಯ ಉದ್ದ ರಾಡು, ಅದಕ್ಕೆ ಪ್ಲೇಟು. ಕೇಬಲ್ ತುಂಡಾದ ಯಂತ್ರ ವರ್ಷಗಟ್ಟಲೆ ಹಾಗೇ ನಿಂತಿರ್ತದೆ, ರಾಡು ಕೆಡೋದಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯೋ ಸಂಸ್ಥೆಯಾದ ನ್ಯಾಕ್‌ಗೆ ಕಾಲೇಜು ಕೊಟ್ಟ ಸ್ವಯಂ ಅಧ್ಯಯನ ವರದಿ ಅವರ ಜಾಲತಾಣದಲ್ಲೇ ಇರ್ತದೆ, ನಾಲ್ಕನೇ ಮಾನದಂಡದಲ್ಲಿ ಕ್ರೀಡಾ ಸೌಲಭ್ಯ ಬರ್ತದೆ. ಅದನ್ನ ಫೋನಿನಲ್ಲಿ ತೆರೆದಿಟ್ಟುಕೊಂಡು ಮೈದಾನ ಸುತ್ತಿ.

ಸೇಡಂರಸ್ತೆ:
ತುಂಬಾ ಉಪಕಾರ ಆಯ್ತು. ಒಂದರಲ್ಲಿ ಎರೆ ಮೇಲೇ 400ರ ಟ್ರ್ಯಾಕ್, ಇನ್ನೊಂದರಲ್ಲಿ 200ರದ್ದು, ಆದ್ರೆ ಒಳ್ಳೆ ಮುರುಮದ್ದು, ಪಿಟ್ಟೂ ಚಲೋ ಇದೆ. ಯಾವುದು?

ಎರಿಹೊಲ:
ಎರಡನೇದು. ಜೂನ್‌ದಿಂದ ಸೆಪ್ಟೆಂಬರ್ ತನಕ ಕೆಸರಾಗಿ ಬಿದ್ದಿರೂ 400ಕ್ಕಿಂತ ದಿನಾ ಓಡಲಿಕ್ಕ ಬರೂ 200 ಮೇಲು.

ಸುಣ್ಣದಗೆರೆ:
ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. 200ರ ತಿರುವು ಬಿಗಿ, ಒಂದೇ ದಿಕ್ಕಿಗೆ ಓಡಿದರೆ ಎಡಗಾಲಿನ ಕಣಕಾಲು ಮೂಳೆ ನೋಯುತ್ತೆ. ವಾರ್ಮ್‌ಅಪ್ ಸುತ್ತುಗಳನ್ನು ಎದುರು ದಿಕ್ಕಿಗೆ ಹಾಕಿಸಿ, ವೇಗದ ಓಟ ನೇರ ಭಾಗದಲ್ಲೇ ಇರಲಿ. ವಾರಕ್ಕೊಮ್ಮೆ ಪೂರ್ತಿ 400 ಓಡಲು ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಹೋಗಲು ಕಾಲೇಜು ಪತ್ರ ಕೊಡುತ್ತದೆಯೇ ಅಂತ ಪ್ರವೇಶಕ್ಕೆ ಮೊದಲೇ ಕೇಳಿಬಿಡಿ.