‘ಪರಿಸರ ವ್ಯವಸ್ಥೆ’ ಅಂದ್ರೆ ಪ್ರಾಣಿ ಅದರ ಒಳಗಿದ್ಯೋ ಹೊರಗಿದ್ಯೋ?

ಎಲ್ರಿಗೂ ನಮಸ್ಕಾರ. ಅಳಿವಿನಂಚಲ್ಲಿರೋ ಪ್ರಾಣಿಗಳ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಾ ಇದೀನಿ, ಎಕೋಸಿಸ್ಟಮ್ ಅನ್ನೋ ಪದದ ಹತ್ರ ಬಂದು ಸಿಕ್ಕಾಕ್ಕೊಂಡಿದೀನಿ. ಎಲ್ಲಾ ಕಡೆ ‘ಪರಿಸರ ವ್ಯವಸ್ಥೆ’ ಅಂತಾನೇ ಇರೋದು, ನಾನೂ ಕಣ್ಮುಚ್ಚಿ ಹಾಗೇ ಹಾಕ್ಕೊಂಡು ಹೋಗ್ತಿದ್ದೆ. ಆಮೇಲೆ ಅನುಮಾನ ಶುರುವಾಯ್ತು. ಪರಿಸರ ಅಂದ್ರೆ ಸುತ್ತಮುತ್ತ ಇರೋದು ತಾನೇ, ಯಾವುದರ ಸುತ್ತ ಅಂದ್ರೆ ಪ್ರಾಣಿ ಸುತ್ತ, ಹಾಗಾದ್ರೆ ಪ್ರಾಣಿ ಅದರಿಂದ ಹೊರಗುಳೀತು ಅಲ್ವಾ? 1935ರಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ ಎಕೋಸಿಸ್ಟಮ್ ಅನ್ನೋ ಈ ಪದ ಬಳಕೆಗೆ ತಂದಾಗ ಹೇಳಿದ್ದು ಇದರ ಉಲ್ಟಾ, ಜೀವಿಗಳನ್ನ ಅವು ಬದುಕೋ ಮಣ್ಣು ನೀರು ಹವೆಯಿಂದ ಬಿಡಿಸಿ ನೋಡೋಕಾಗಲ್ಲ, ಎಲ್ಲಾ ಸೇರಿದ್ರೇನೇ ಒಂದು ಅಂತ.

ಮೊಸರಲ್ಲಿ ಕಲ್ಲು ಹುಡುಕ್ತಿದಾನೆ ಅನ್ಬೇಡಿ, ಇದರಿಂದ ಅರ್ಥಾನೇ ಕೆಡತ್ತೆ. ಉತ್ತರ ಪೆಸಿಫಿಕ್ ಕರಾವಳಿಯ ಕಡಲ ನೀರುನಾಯಿ ನೋಡಿ. ತುಪ್ಪಟಕ್ಕೋಸ್ಕರ ಅದನ್ನ ಬೇಟೆಯಾಡಿ ಮುಗಿಸಿದ ಕಡೆ, ಅದು ತಿಂತಿದ್ದ, ಮೈತುಂಬಾ ಮುಳ್ಳಿರೋ ಸೀ ಅರ್ಚಿನ್‌ಗಳು ವಿಪರೀತ ಹೆಚ್ಚಿ, ನೀರೊಳಗಿನ ಕೆಲ್ಪ್ ಅನ್ನೋ ದೊಡ್ಡ ಕಡಲಪಾಚಿಯ ಕಾಡನ್ನೇ ಮೇಯ್ದು ಬೋಳು ಮಾಡಿಬಿಟ್ವು. ಅಂದ್ರೆ ಆ ಕಾಡು ನೀರುನಾಯಿಯ ‘ಪರಿಸರ’ ಅನ್ನೋದು ಅರ್ಧ ಮಾತು, ಕಾಡು ನಿಂತಿರೋದೇ ನೀರುನಾಯಿಯಿಂದ. ಅಮೆರಿಕದ 1973ರ ಅಳಿವಿನಂಚಿನ ಜೀವಿಗಳ ಕಾಯ್ದೆ ಕೂಡ ತನ್ನ ಉದ್ದೇಶ ಹೇಳೋವಾಗ ಮೊದಲು ಎತ್ತೋದು ಆ ಜೀವಿಗಳು ನೆಚ್ಚಿಕೊಂಡಿರೋ ಎಕೋಸಿಸ್ಟಮ್‌ಗಳನ್ನ ಕಾಪಾಡೋ ಮಾತನ್ನ. ಇಲ್ಲಿ ‘ಆವಾಸ’ ಅಂತ ಹಾಕೋಣ ಅಂದ್ರೆ ಅದು ಜೀವಿ ಬದುಕೋ ಜಾಗ ಅನ್ನೋ ಅರ್ಥದ ಹ್ಯಾಬಿಟಾಟ್‌ಗೆ ಹೋಗ್ಬಿಟ್ಟಿದೆ. ‘ಜೀವಜಾಲ’ ಕೇಳೋಕೆ ಚೆನ್ನಾಗಿದೆ, ಆದ್ರೆ ಮಣ್ಣು ನೀರು ಬಿಟ್ಟುಹೋಗತ್ತೆ. ಇನ್ನು ‘ಪರಿಸರ ವ್ಯವಸ್ಥೆ ಆಧಾರಿತ ಸಂರಕ್ಷಣಾ ವಿಧಾನ’ ಅಂತ ಬರೆದ್ರಂತೂ ಸರ್ಕಾರಿ ಸುತ್ತೋಲೆ ಓದಿದ ಹಾಗಿರತ್ತೆ, ನಾನೇ ಅರ್ಧಕ್ಕೆ ಬಿಟ್ಟೆ.

ಇನ್ನೊಂದು ತಲೆನೋವು ಕೀಸ್ಟೋನ್ ಸ್ಪೀಶೀಸ್, ಅಂದ್ರೆ ಅದೊಂದು ಹೋದ್ರೆ ಜೊತೆಗಿರೋ ಜೀವಿಗಳೆಲ್ಲಾ ಏರುಪೇರಾಗೋ ಅಂಥ ಜೀವಿ. ಅಮೆರಿಕದ ಜೀವಿವಿಜ್ಞಾನಿ ರಾಬರ್ಟ್ ಪೇನ್ ವಾಷಿಂಗ್ಟನ್ ರಾಜ್ಯದ ಕಡಲ ಬಂಡೆಗಳಿಂದ, ಕಪ್ಪೆಚಿಪ್ಪು ತಿನ್ನೋ ನಕ್ಷತ್ರಮೀನುಗಳನ್ನ ಕಿತ್ತು ಹಾಕ್ತಾ ಹೋದ್ರು, ಒಂದು ಜಾತಿ ಕಪ್ಪೆಚಿಪ್ಪು ಜಾಗವೆಲ್ಲಾ ಆಕ್ರಮಿಸಿ 15 ಜಾತಿಯ ಜೀವಿಗಳು 8ಕ್ಕೆ ಇಳಿದ್ವು. ಈ ಹೆಸರನ್ನ ಅವರು 1969ರಲ್ಲಿ ಕೊಟ್ಟಿದ್ದು. ಇದಕ್ಕೆ ‘ಆಧಾರ ಪ್ರಭೇದ’ ಅಂದ್ರೆ ತಳಪಾಯದ ಚಿತ್ರ ಬರತ್ತೆ, ಆದ್ರೆ ಇಲ್ಲಿರೋದು ಕಮಾನಿನ ನೆತ್ತಿ ಮೇಲಿನ ಕಲ್ಲು, ತೆಗೆದ್ರೆ ಮಿಕ್ಕ ಕಲ್ಲೆಲ್ಲಾ ಉದುರೋ ಕಲ್ಲು. ಜೊತೆಗೆ ಫೌಂಡೇಶನ್ ಸ್ಪೀಶೀಸ್ (ಬೇರೆ ಜೀವಿಗಳಿಗೆ ನೆಲೆ ಕಟ್ಟಿಕೊಡೋ ಜೀವಿ) ಅಂತ ಬೇರೆ ಪದಾನೇ ಇದೆ, ‘ಆಧಾರ’ ಅದಕ್ಕೆ ಉಳಿಸ್ಕೋಬೇಕು. (ಅಂದಹಾಗೆ ಸ್ಪೀಶೀಸ್‌ಗೆ ‘ತಳಿ’ ಅನ್ನೋದು ನಂಗೆ ಒಪ್ಪಿಗೆ ಇಲ್ಲ, ತಳಿ ಏನಿದ್ರೂ ಭತ್ತಕ್ಕೆ, ಹಸುಗೆ.)

ಸದ್ಯಕ್ಕೆ ‘ನೆತ್ತಿಗಲ್ಲು ಜೀವಿ’ ಅಂತ ಬರ್ಕೊಂಡಿದೀನಿ. ಕಲ್ಲುಕೆಲಸದವರು ಆ ಕಲ್ಲಿಗೆ ಏನಂತಾರೆ, ಯಾರಿಗಾದ್ರೂ ಗೊತ್ತಾ? ಮತ್ತೆ ಎಕೋಸಿಸ್ಟಮ್‌ಗೆ ಪ್ರಾಣೀನೂ ಒಳಗೆ ಸೇರೋ ಪದ ಇದ್ರೆ ಹೇಳಿ, ಇಲ್ಲಾಂದ್ರೆ ‘ಎಕೋಸಿಸ್ಟಮ್’ ಅಂತಾನೇ ಬಿಡ್ತೀನಿ.