ಸ್ಟೀರಿಂಗಲ್ಲಿ ಟಕ್ ಟಕ್ ಸದ್ದು, ಬಾಕ್ಸೇ ಬದಲಿಸ್ಬೇಕಾ?

ಪೆರ್ಲದವ:
ನಮಸ್ಕಾರ ಎಲ್ಲರಿಗೂ. ನಮ್ದು 2008 ಮಾಡೆಲ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್. 15 ವರ್ಷ ಆದಾಗ ಆರ್‌ಸಿ ರಿನ್ಯೂ ಮಾಡಿಸಿ ಆಗಿದೆ, ಇಂಜಿನ್ ಈಗ್ಲೂ ಚಂದ ಉಂಟು. ಆದ್ರೆ ಈ ಮಳೆಗಾಲ ಕಳೆದ ಮೇಲೆ ಸ್ಟೀರಿಂಗಲ್ಲಿ ಟಕ್ ಟಕ್ ಶುರುವಾಗಿದೆ. ಅಡ್ಕಸ್ಥಳ ಕಡೆಗೆ ಹೋಗುವಾಗ ನಿಧಾನಕ್ಕೆ ಸಣ್ಣ ಗುಂಡಿಗೆ ಇಳಿದ್ರೂ ಸದ್ದು ಕೇಳುವುದು ಮಾತ್ರ ಅಲ್ಲ, ಕೈಗೇ ಕುಟ್ಟಿದ ಹಾಗೆ ಆಗ್ತದೆ, ಅಂಗಳದಲ್ಲಿ ನಿಲ್ಲಿಸಿ ಸ್ಟೀರಿಂಗ್ ಸ್ವಲ್ಪ ಆಚೆ ಈಚೆ ಆಡಿಸಿದ್ರೂ ಬರ್ತದೆ. ವರ್ಕ್‌ಶಾಪಿನವ್ರು ಒಂದು ರೌಂಡ್ ಓಡಿಸಿ ನೋಡಿ ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ಮುಟ್ಟಿಸುವ ಭಾಗ) ಹೋಗಿದೆ, ಫುಲ್ ಬದಲಿಸ್ಬೇಕು ಅಂದ್ರು, ಗಾಡಿ ಎತ್ತಿ ಅಡಿಗೆ ನೋಡ್ಲೇ ಇಲ್ಲ. ಅಮ್ಮನನ್ನು ಮಂಗಳೂರಿಗೆ ಆಸ್ಪತ್ರೆಗೆ ಕರ್ಕೊಂಡು ಹೋಗುವ ಗಾಡಿ ಇದು, ಹಾಗಾಗಿ ಭಾರೀ ತಲೆಬಿಸಿ. ಗೊತ್ತಿದ್ದವ್ರು ಹೇಳಿ.

ಮುಳ್ಳೇರಿಯ ಗ್ಯಾರೇಜ್:
ಅಣ್ಣ, ಬಾಕ್ಸ್ ಬದಲಿಸ್ಲಿಕ್ಕೆ ಈಗ್ಲೇ ಒಪ್ಬೇಡಿ. ನಿಂತ ಗಾಡಿಯಲ್ಲೇ ಸದ್ದು ಬರ್ತದೆ ಅಂದ್ರೆ ಹುಡುಕುವುದು ಸುಲಭ. ನಾಲ್ಕೂ ಚಕ್ರ ನೆಲದಲ್ಲೇ ಇರ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಆಫ್. ಒಬ್ರು ಒಳಗೆ ಕೂತು ಸ್ಟೀರಿಂಗನ್ನು ಎರಡು ಬೆರಳು ಅಗಲ ಮಾತ್ರ ಎಡ ಬಲ ಆಡಿಸ್ತಾ ಇರ್ಲಿ, ನೀವು ಒಂದೊಂದೇ ಜಾಯಿಂಟಿನ ಮೇಲೆ ಅಂಗೈ ಇಟ್ಟು ನೋಡಿ. ಕಿವಿಗೆ ಸದ್ದು ಎಲ್ಲಿಂದ ಅಂತ ಗೊತ್ತಾಗುದಿಲ್ಲ, ಬಾಡಿಯಲ್ಲೆಲ್ಲ ಹರಡ್ತದೆ, ಲೂಸ್ ಇರುವ ಜಾಯಿಂಟ್ ಮಾತ್ರ ಕೈಗೆ ಸರಿಯಾಗಿ ಕುಟ್ತದೆ. ಮೊದ್ಲು ಪೆಡಲ್ ಹತ್ರ ಸ್ಟೀರಿಂಗ್ ಶಾಫ್ಟಿನ ಕೆಳಗಿನ ಯೂನಿವರ್ಸಲ್ ಜಾಯಿಂಟ್, ಅಲ್ಲಿ ಬೋಲ್ಟ್ ಲೂಸಾದ್ರೂ ಇದೇ ಸದ್ದು. ಆಮೇಲೆ ಚಕ್ರದ ಹತ್ರ ಟೈ ರಾಡ್ ಎಂಡ್ (ಚಕ್ರವನ್ನು ತಿರುಗಿಸುವ ರಾಡಿನ ಹೊರತುದಿಯ ಜಾಯಿಂಟ್), ಅದರಿಂದ ಒಳಗೆ ರಬ್ಬರ್ ಕವರ್ ಅಂದ್ರೆ ಬೂಟಿನ ಅಡಿಗೆ, ಆ ರಾಡ್ ಬಾಕ್ಸಿಗೆ ಸೇರುವ ರ‍್ಯಾಕ್ ಎಂಡ್, ಬೂಟನ್ನು ಹಿಚುಕಿ ಹಿಡಿದ್ರೆ ಗೊತ್ತಾಗ್ತದೆ. ಇದೆಲ್ಲ ಸರಿ ಇದ್ದು ಬಾಕ್ಸೇ ಅಲ್ಲಾಡಿದ್ರೆ ಅದರ ಮೌಂಟಿಂಗ್ ಬುಶ್ (ಬಾಕ್ಸನ್ನು ಕೂರಿಸುವ ರಬ್ಬರ್) ನೋಡಿ, ಬಾಕ್ಸಿನ ಒಳಗಿನ ತೇಮಾನದ ಮಾತು ಕೊನೆಗೆ.

ಇನ್ನು ಮುಂದಿನ ಚಕ್ರ ಎತ್ತಿ ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡ್ಸಿ, ಪ್ಲೇ (ಸಡಿಲಾಗಿ ಆಡುವುದು) ಇದ್ರೆ ಟೈ ರಾಡ್ ಅಥವಾ ರ‍್ಯಾಕ್ ಎಂಡ್. 12 ಮತ್ತು 6ರಲ್ಲಿ ಹಿಡಿದಾಗ ಆಡಿದ್ರೆ ಚಕ್ರವನ್ನು ಕೆಳಗಿಂದ ಹಿಡಿದಿಡುವ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಬಾಲ್ ಜಾಯಿಂಟಲ್ಲಿ ಪ್ಲೇ ಕಂಡ್ರೆ ಗಾಡಿ ಓಡಿಸ್ಬೇಡಿ, ಅದು ಕಳಚಿದ್ರೆ ಚಕ್ರವೇ ಮಡಚಿ ಹೋಗ್ತದೆ.

ಸೀತಾಂಗೋಳಿಯಿಂದ:
ಜ್ಯಾಕ್ ಹಾಕಿ ಎತ್ತಿದ ಮೇಲೆ ಸ್ಟ್ಯಾಂಡ್ ಇಲ್ಲದೆ ಅಡಿಗೆ ಹೋಗ್ಲೇಬೇಡಿ. ನಮ್ಮ ಕಡೆ ಕೈಗೆ ಸಿಕ್ಕಿದ ಮುರಕಲ್ಲು ಆಧಾರಕ್ಕೆ ಕೊಡುವ ಅಭ್ಯಾಸ ಉಂಟಲ್ಲ, ಅದು ಭಾರಕ್ಕೆ ಪುಡಿಯಾಗ್ತದೆ, ದಮ್ಮಯ್ಯ ಬೇಡ. ಮತ್ತೆ ಒಂದು ವಿಷ್ಯ, ನಿಂತಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸುವಾಗ ಸ್ಪ್ರಿಂಗ್ ತಡೆದು ತಡೆದು ಟಂಯ್ ಅಂತ ಹಾರಿದ್ರೆ ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್ ಬೇರಿಂಗ್ ನೋಡಿ. ಫುಲ್ ತಿರುಗಿಸಿ ಓಡಿಸುವಾಗ ಮಾತ್ರ ಕಟ ಕಟ ಅಂದ್ರೆ ಅದು ಆಕ್ಸಲಿನ ಹೊರಗಿನ ಜಾಯಿಂಟ್, ಸ್ಟೀರಿಂಗಿಗೆ ಸಂಬಂಧವೇ ಇಲ್ಲ.

ಪೆರ್ಲದವ:
ತಮ್ಮನನ್ನು ಒಳಗೆ ಕೂರಿಸಿ ನೋಡಿದೆ, ತುಂಬಾ ಉಪಕಾರ ಆಯ್ತು. ಬಲಬದಿ ಬೂಟ್ ಹಿಡಿದ ಕೂಡ್ಲೇ ಅಂಗೈಗೆ ಟಕ್ ಅಂತ ಸಿಕ್ಕಿತು, 9–3ರಲ್ಲೂ ಆ ಚಕ್ರ ಮಾತ್ರ ಆಡ್ತದೆ. ಬೂಟಿನ ಅಡಿಭಾಗ ಹರಿದಿದೆ, ಮಡಿಕೆ ಬಿಡಿಸಿ ನೋಡಿದ್ರೆ ಗ್ರೀಸ್ ಎಲ್ಲ ಕೆಂಪು ಕೆಸರಿನ ಹಾಗೆ ಆಗಿದೆ. ಹಾಗಾದ್ರೆ ಬಾಕ್ಸ್ ಉಳೀತದಾ?

ಮುಳ್ಳೇರಿಯ ಗ್ಯಾರೇಜ್:
ಬೂಟ್ ತೆಗೆದು ಬಾಕ್ಸಿನಿಂದ ಹೊರಬರುವ ಉದ್ದದ ಸರಳನ್ನು ಒರೆಸಿ ನೋಡಿ. ಅದು ನುಣುಪಾಗಿದ್ದು ತುಕ್ಕು ಹಿಡಿದು ಗುಳಿ ಬೀಳದಿದ್ರೆ ಬಾಕ್ಸ್ ಬದಲಿಸುವ ಕೆಲಸ ಇಲ್ಲ, ರ‍್ಯಾಕ್ ಎಂಡ್ ಮತ್ತು ಬೂಟ್ ಸಾಕು. ಎಡದ್ದೂ ಅಷ್ಟೇ ಓಡಿದ್ದು, ಅದನ್ನೂ ಒಟ್ಟಿಗೆ ಬಿಚ್ಚಿಸಿ ನೋಡಿ. ಮೆಕ್ಯಾನಿಕ್ ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂ ಟೈಟ್ ಮಾಡಿ ಸದ್ದು ನಿಲ್ಲಿಸ್ತೇನೆ ಅಂದ್ರೆ ಬೇಡ ಹೇಳಿ, ಜಾಸ್ತಿ ಟೈಟ್ ಆದ್ರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಾಸು ಬರುದಿಲ್ಲ. ಹೊಸ ಎಂಡ್ ಹಾಕಿದ ದಿನವೇ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಇಲ್ಲದಿದ್ರೆ ಮುಂದಿನ ಟಯರ್ ಒಂದೇ ಬದಿ ತಿನ್ತದೆ. ಅಲ್ಲಿಯ ತನಕ ಅಮ್ಮನನ್ನು ಬೇರೆ ಗಾಡಿಯಲ್ಲಿ ಕರ್ಕೊಂಡು ಹೋಗಿ ಅಣ್ಣ.