ಸಹಾಯ ಬೇಕು: ಏಷ್ಯನ್ ಫ್ಯೂಷನ್ ಊಟ, ಅಪ್ಪಟ ಸಸ್ಯಾಹಾರಿ ಹಿರಿಯರಿಗೆ

ಬೆಂಗಳೂರಿನ ಇಂದಿರಾನಗರ ಅಥವಾ ಲ್ಯಾವೆಲ್ಲೆ ರಸ್ತೆ ಕಡೆ, ಎಂಟು ಜನಕ್ಕೆ. ಇಬ್ಬರು ಹಿರಿಯರು ಮೊಟ್ಟೆಯನ್ನೂ ಮುಟ್ಟಲ್ಲ.

ಮೆನುವಿನ ಹಸಿರು ಚುಕ್ಕೆ ನಂಬಿ ಕೂರೋದು ಕಷ್ಟ. ಥಾಯ್ ಕರಿ ಪೇಸ್ಟಿಗೆ ಹೆಚ್ಚಾಗಿ ಅರೆಯುವಾಗಲೇ ಸೀಗಡಿ ಸೇರಿರುತ್ತೆ, ಆರ್ಡರ್ ಕೊಟ್ಟಮೇಲೆ ತೆಗೆಯೋಕಾಗಲ್ಲ. ಜಪಾನಿನ ಮಿಸೊ ಸೂಪಿಗೆ ಬುಡವಾದ ದಾಶಿ ಅನ್ನೋ ತಿಳಿಸಾರಿಗೆ ಸಾಮಾನ್ಯವಾಗಿ ಒಣಮೀನಿನ ಚೂರು, ಕಿಮ್ಚಿಗೆ (ಕೊರಿಯಾದ ಹುಳಿ ಬರಿಸಿದ ತರಕಾರಿ) ಮೀನಿನ ಸಾಸ್, ಹಲವು ಕಡೆ ಟೆಂಪುರಾ (ಜಪಾನಿ ಬಜ್ಜಿ) ಹಿಟ್ಟಿಗೆ ಮೊಟ್ಟೆ. ಅದೇ ಎಣ್ಣೆಯಲ್ಲಿ ಸೀಗಡಿ ಕರಿದಿದ್ರೆ ತರಕಾರಿ ಟೆಂಪುರಾ ಕಥೆಯೂ ಮುಗೀತು! ‘ವೆಜ್ಜೇ ಸಾರ್’ ಅನ್ನೋ ಉತ್ತರ ಇಲ್ಲಿ ಸಾಲದು.

ಕೊಂಬು (ಕಡಲಕಳೆ) ಮತ್ತು ಒಣ ಶಿಟಾಕೆ ಅಣಬೆಯಿಂದಲೇ ದಾಶಿ ಮಾಡುವ, ಸಸ್ಯಾಹಾರಕ್ಕೆ ಬೇರೆ ಬಾಣಲೆ, ಬೇರೆ ಎಣ್ಣೆ ಇಡುವ ಜಾಗ ಗೊತ್ತಿದ್ರೆ ದಯವಿಟ್ಟು ತಿಳಿಸಿ. ಹಿಂದಿನ ದಿನವೇ ಫೋನ್ ಮಾಡಿದ್ರೆ ಸೀಗಡಿ ಇಲ್ಲದ ಪೇಸ್ಟ್ ಪ್ರತ್ಯೇಕ ಅರೆದುಕೊಡ್ತಾರಾ? ಶೆಫ್ ಹತ್ರ ನೇರವಾಗಿ ಕೇಳಿ ಖಾತ್ರಿ ಮಾಡಿಕೊಂಡವರು ಹೇಳಿದ್ರೆ ಒಳ್ಳೇದು.